ಒಂಬತ್ತು ಮೀಟರ್ ಆಕಾಶ

ಕುಮಟಾ ತಾಲೂಕಿನ ಬಾಡದಲ್ಲಿ ಐದು ಗುಂಟೆ ಹಿತ್ತಲು ಇರುವವರ ಹೆಸರಿನಲ್ಲಿ ಕಾಗದದ ಲೆಕ್ಕಕ್ಕೆ 5,445 ಚದರ ಅಡಿ ನೆಲ ಇರುತ್ತದೆ. ಆ ನೆಲದ ಮೇಲಿನ ಆಕಾಶ ಎಷ್ಟು ಎತ್ತರದವರೆಗೆ ಅವರದು ಎಂಬುದನ್ನು ಪಹಣಿ ಹೇಳುವುದಿಲ್ಲ. ಅದನ್ನು ಹೇಳುವ ಕಾಯ್ದೆಗಳು ಬೇರೆ ಬೇರೆ ಕಚೇರಿಗಳಲ್ಲಿ ಹಂಚಿಹೋಗಿವೆ. ಒಂದು ಕಡಲಿನಿಂದ ಅಳೆಯುತ್ತದೆ, ಇನ್ನೊಂದು ರಸ್ತೆಯ ನಡುವಿನಿಂದ, ಮತ್ತೊಂದು ಹಳೆಯ ಬಸದಿಯ ಗೋಡೆಯಿಂದ, ಮಗದೊಂದು ಮೇಲೆ ಹಾದುಹೋಗುವ ವಿದ್ಯುತ್ ತಂತಿಯಿಂದ. ಇವೆಲ್ಲ ಬಿಟ್ಟುಕೊಟ್ಟ ಜಾಗದಲ್ಲಿ ಮನೆ ಏಳುತ್ತದೆ. ನಗರದ ಆಕಾರವನ್ನು ನಿರ್ಧರಿಸುವುದು ವಾಸ್ತುಶಿಲ್ಪಿಯ ಕಲ್ಪನೆ ಎನ್ನುವುದುಂಟು. ಅದಕ್ಕೂ ಮೊದಲು ಆ ಕೆಲಸ ಮಾಡಿ ಮುಗಿಸಿರುವುದು ಈ ಅಳತೆಗಳು.

ನೆಲದ ಒಡೆಯನೇ ಅದರ ಮೇಲಿನ ಆಕಾಶಕ್ಕೂ, ಕೆಳಗಿನ ಪಾತಾಳಕ್ಕೂ ಒಡೆಯ ಎಂಬ ಸೂತ್ರ ಹದಿಮೂರನೆಯ ಶತಮಾನದ ಇಟಲಿಯ ಬೊಲೋನ್ಯಾದಲ್ಲಿ ರೋಮನ್ ಕಾನೂನಿಗೆ ಟಿಪ್ಪಣಿ ಬರೆದವರಿಂದ ಬಂದದ್ದು. ಇಂಗ್ಲಿಷ್ ನ್ಯಾಯಾಲಯಗಳು ಅದನ್ನು ಎತ್ತಿಕೊಂಡವು; ಅಲ್ಲಿಂದ ಅದು ಭಾರತಕ್ಕೂ ಬಂತು. ಪಕ್ಕದವರ ತೆಂಗಿನ ಮರ ತಮ್ಮ ಹಿತ್ತಲಿನ ಮೇಲೆ ಬಾಗಿ ಕಾಯಿ ಬೀಳಿಸುವಾಗ ಕರಾವಳಿಯ ಜನ ಮಾಡುವ ಜಗಳದ ತಳದಲ್ಲಿರುವುದೂ ಇದೇ ಸೂತ್ರ. ಬುಡ ಅವರದಾದರೂ ತಲೆ ನಿಂತಿರುವುದು ಇವರ ಆಕಾಶದಲ್ಲಿ.

ವಿಮಾನ ಬಂದ ಮೇಲೆ ಸೂತ್ರ ಸಡಿಲವಾಯಿತು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಸೇನಾ ವಿಮಾನಗಳು ತೀರಾ ಕೆಳಗೆ ಹಾರಿ, ಕಾಸ್ಬಿ ಎಂಬ ರೈತನ ಕೋಳಿಗಳು ಬೆದರಿ ಸತ್ತ ಪ್ರಕರಣ 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. ಆಕಾಶದ ತುದಿಯವರೆಗಿನ ಒಡೆತನ ಈ ಕಾಲಕ್ಕೆ ಸಲ್ಲದು ಎಂದು ಹೇಳಿದ ನ್ಯಾಯಾಲಯ, ನೆಲವನ್ನು ಬಳಸಲು ಬೇಕಾದಷ್ಟು ಎತ್ತರವಾದರೂ ಒಡೆಯನದೇ ಎಂದು ಉಳಿಸಿಕೊಟ್ಟಿತು. ಭಾರತದಲ್ಲಿ 1934ರ ವಿಮಾನ ಅಧಿನಿಯಮ ಅದಕ್ಕೂ ಮೊದಲೇ, ಸಮಂಜಸ ಎತ್ತರದಲ್ಲಿ ಹಾರುವ ವಿಮಾನದ ಮೇಲೆ ಅತಿಕ್ರಮಣದ ದಾವೆ ಹೂಡುವಂತಿಲ್ಲ ಎಂದಿತ್ತು. ಹೀಗೆ ಆಕಾಶ ಎರಡು ಪದರವಾಯಿತು: ಮೇಲಿನದು ಎಲ್ಲರದು, ಕೆಳಗಿನದು ನೆಲದೊಡೆಯನದು. ಕಟ್ಟಡದ ನಿಯಮಗಳ ಕತೆಯೆಲ್ಲ ನಡೆಯುವುದು ಕೆಳಗಿನ ಪದರದಲ್ಲಿ.

ಆ ಪದರದಲ್ಲಿ ನೆರೆಯವನಿಗೂ ಪಾಲಿದೆ. 1882ರ ಭಾರತೀಯ ಅನುಭೋಗ ಅಧಿನಿಯಮದ 15ನೇ ಕಲಮಿನ ಪ್ರಕಾರ ಒಂದು ಮನೆಗೆ 20 ವರ್ಷ ಅಡ್ಡಿಯಿಲ್ಲದೆ ಬೆಳಕು-ಗಾಳಿ ಬಂದಿದ್ದರೆ ಅದು ಹಕ್ಕಾಗುತ್ತದೆ. ಆಮೇಲೆ ಪಕ್ಕದವರು ತಮ್ಮದೇ ನೆಲದಲ್ಲಿ ಗೋಡೆ ಎಬ್ಬಿಸಿದರೂ, ಆ ಬೆಳಕು ಗಣನೀಯವಾಗಿ ಕುಂದಿದರೆ ನ್ಯಾಯಾಲಯಕ್ಕೆ ಹೋಗಬಹುದು. ಮೊದಲು ಮದರಾಸು, ಮಧ್ಯಪ್ರಾಂತ ಮತ್ತು ಕೊಡಗಿಗೆ ಅನ್ವಯವಾಗಿದ್ದ ಈ ಕಾಯ್ದೆ ಮುಂಬಯಿ ಪ್ರಾಂತಕ್ಕೆ ಬಂದದ್ದು 1891ರಲ್ಲಿ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಭಟ್ಕಳ, ಹೊನ್ನಾವರ, ಕುಮಟಾಗಳಿಗೂ ಕಾಯ್ದೆ ಆಗಲೇ ಬಂತು. ಗೋಡೆಗೆ ಗೋಡೆ ತಾಗಿದಂತೆ ಕಟ್ಟಿದ ಹಳೆಯ ಪೇಟೆಬೀದಿಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಮಳೆನಾಡಿನಲ್ಲಿ ಇನ್ನೊಂದು ಹಕ್ಕೂ ಅಷ್ಟೇ ದೊಡ್ಡದು. ಹಂಚಿನ ಮಾಡಿನ ಸೂರುನೀರು ಯಾರ ಅಂಗಳಕ್ಕೆ ಬೀಳಬೇಕು ಎಂಬ ತಕರಾರು ಆಷಾಢದಲ್ಲಿ ಎದ್ದರೆ ದೀಪಾವಳಿಯವರೆಗೂ ಆರುವುದಿಲ್ಲ. ಕಟ್ಟಡದ ಸುತ್ತ ಇಂತಿಷ್ಟು ಜಾಗ ಬಿಡಬೇಕೆಂಬ ಸೆಟ್‌ಬ್ಯಾಕ್ ನಿಯಮವನ್ನು ನಗರದವರು ಗಾಳಿ-ಬೆಳಕಿನ ನಿಯಮವೆಂದು ಓದುತ್ತಾರೆ. ಕರಾವಳಿಯಲ್ಲಿ ಅದು ಮೊದಲು ಸೂರಿನ ನಿಯಮ.

ನೆರೆಹೊರೆಯ ಹಕ್ಕುಗಳನ್ನು ಕಾಯಲು ವ್ಯಾಜ್ಯವೊಂದೇ ದಾರಿಯಾಗಿದ್ದ ಕಾಲ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಮುಗಿಯಿತು. 1915ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ನಿವೇಶನದ ಅಂಚಿನಿಂದ ನೇರವಾಗಿ ಎದ್ದ ಈಕ್ವಿಟೆಬಲ್ ಕಟ್ಟಡ ಸುತ್ತಲ ಬೀದಿಗಳನ್ನು ನೆರಳಿನಲ್ಲಿ ಮುಳುಗಿಸಿತು. ಮರುವರ್ಷವೇ ಆ ನಗರ ತನ್ನ ವಲಯ ನಿಯಮ ತಂದಿತು. ಮೇಲೆ ಹೋದಂತೆ ಕಟ್ಟಡ ಹಿಂದೆ ಸರಿಯಬೇಕಾಯಿತು. ಭಾರತದ ಮೊದಲ ನಗರ ಯೋಜನಾ ಕಾಯ್ದೆ ಅದಕ್ಕೂ ಒಂದು ವರ್ಷ ಹಿರಿಯದು. 1915ರ ಮುಂಬಯಿ ಟೌನ್ ಪ್ಲ್ಯಾನಿಂಗ್ ಕಾಯ್ದೆ ಅದು, ಆಗ ಉತ್ತರ ಕನ್ನಡ ಇದ್ದದ್ದೂ ಅದೇ ಪ್ರಾಂತದಲ್ಲಿ. ಏಕೀಕರಣದ ನಂತರ ಈ ಭಾಗಕ್ಕೆ ಬಂದದ್ದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ನ್ಯೂಯಾರ್ಕು ಎತ್ತರದ ಬದಲು ಒಟ್ಟು ವಿಸ್ತೀರ್ಣವನ್ನು ಅಳೆಯುವ ಹೊಸ ಪದ್ಧತಿಗೆ ಹೊರಳಿದ್ದೂ 1961ರಲ್ಲೇ.

ಆ ಪದ್ಧತಿಯೇ ಇಂದು ಪ್ರತಿ ಇಂಜಿನಿಯರ್ ಕಚೇರಿಯಲ್ಲೂ ಕೇಳಿಬರುವ ಎಫ್‌ಎಆರ್. ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಮಹಡಿ ವಿಸ್ತೀರ್ಣ ಕಟ್ಟಬಹುದು ಎಂಬ ಅನುಪಾತ. ಎಫ್‌ಎಆರ್ 1.75 ಇರುವ ಕಡೆ ಐದು ಗುಂಟೆಯಲ್ಲಿ ಎಲ್ಲ ಮಹಡಿ ಸೇರಿ ಸುಮಾರು 9,500 ಚದರ ಅಡಿ ಕಟ್ಟಬಹುದು. 0.33 ಇದ್ದರೆ 1,800 ಅಡಿ ತಲುಪುವುದೂ ಕಷ್ಟ. ಮಣ್ಣು ಒಂದೇ, ಅಳತೆ ಒಂದೇ, ಕಟ್ಟಬಹುದಾದದ್ದು ಮಾತ್ರ ಐದು ಪಟ್ಟು ವ್ಯತ್ಯಾಸ. ಜಾಗ ಕೊಳ್ಳುವವರು ಕೊಡುವ ದುಡ್ಡು ನೆಲಕ್ಕೆ ಎಂದುಕೊಂಡರೂ, ಅದರ ದೊಡ್ಡ ಪಾಲು ಹೋಗುವುದು ಈ ಒಂದು ಅಂಕಿಗೆ.

ಎಫ್‌ಎಆರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ನಿವೇಶನದ ಎಷ್ಟು ಭಾಗವನ್ನು ಮುಚ್ಚಬಹುದು, ಸುತ್ತ ಎಷ್ಟು ಬಿಡಬೇಕು, ಎದುರಿನ ರಸ್ತೆ ಎಷ್ಟು ಅಗಲ, ವಾಹನಕ್ಕೆ ಎಷ್ಟು ಜಾಗ ಎಂಬ ನಾಲ್ಕು ಲೆಕ್ಕಗಳ ನಡುವೆ ಅದು ಸಿಕ್ಕಿಕೊಂಡಿರುತ್ತದೆ. ಬೆಂಗಳೂರಿಗೆ 2007ರಲ್ಲಿ ಮಂಜೂರಾದ ಮಹಾಯೋಜನೆಯಲ್ಲಿ ರಸ್ತೆ ಅಗಲವಾದಂತೆ ಎಫ್‌ಎಆರ್ 3.25ರವರೆಗೆ ಏರುತ್ತದೆ, ಮೆಟ್ರೊ ನಿಲ್ದಾಣದಿಂದ 150 ಮೀಟರ್ ಒಳಗೆ 4ರವರೆಗೂ ಹೋಗುತ್ತದೆ. ಎತ್ತರ ಹೆಚ್ಚಿದಂತೆ ಬಿಡಬೇಕಾದ ಜಾಗವೂ ಹೆಚ್ಚುತ್ತದೆ. ಆದ್ದರಿಂದ ಸಣ್ಣ ನಿವೇಶನಗಳನ್ನು ಒಟ್ಟುಗೂಡಿಸಿದವರಿಗೆ ಮಾತ್ರ ಮೇಲಿನ ಮಹಡಿಗಳು ದಕ್ಕುತ್ತವೆ. ಎತ್ತುಗಾಡಿಯ ಕಾಲದಲ್ಲಿ ಬೆಳೆದ ಕುಮಟಾ ಪೇಟೆಯಂಥ ಊರುಗಳಲ್ಲಿ ರಸ್ತೆಯೇ ಮಿತಿ ಹಾಕುತ್ತದೆ. ನಾಲ್ಕು ಮಾರು ಅಗಲದ ಬೀದಿಯಲ್ಲಿ ನಿವೇಶನ ಎಷ್ಟೇ ಆಳವಾಗಿದ್ದರೂ ಆಕಾಶ ಕಡಿಮೆಯೇ.

ಪೇಟೆಯ ಹೊರಗಿನ ಹೆದ್ದಾರಿಯೂ ಹೀಗೆಯೇ ಆಕಾಶ ಕೇಳುತ್ತದೆ. ಹಿಂದೆ 17 ಎಂದು ಕರೆಯುತ್ತಿದ್ದ ರಾಷ್ಟ್ರೀಯ ಹೆದ್ದಾರಿ 66 ಭಟ್ಕಳ, ಹೊನ್ನಾವರ, ಕುಮಟಾ ಮೂರನ್ನೂ ಹೊಲಿದುಕೊಂಡು ಹೋಗುತ್ತದೆ. ಊರ ಹೊರಗೆ ಹೆದ್ದಾರಿಯ ನಡುಗೆರೆಯಿಂದ 40 ಮೀಟರ್ ಒಳಗೆ ಕಟ್ಟಡ ಬೇಡ, 75 ಮೀಟರ್‌ವರೆಗೆ ನಿಯಂತ್ರಣ ಇರಲಿ ಎಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ. ಹೆದ್ದಾರಿಗೆ ವಶಪಡಿಸಿಕೊಂಡ ನೆಲಕ್ಕೆ ಪರಿಹಾರ ಉಂಟು. ಆ 40 ಮೀಟರಿನ ಕಟ್ಟಡರೇಖೆಯ ಒಳಗೆ ಉಳಿದು, ಕಟ್ಟಲಾಗದೆ ಹೋದ ಪಟ್ಟಿ ಒಡೆಯನ ಹೆಸರಿನಲ್ಲೇ ಇರುತ್ತದೆ, ಅದಕ್ಕೆ ಪರಿಹಾರವಿಲ್ಲ.

ಈ ಮೂರು ತಾಲೂಕುಗಳಲ್ಲಿ ಇವೆಲ್ಲಕ್ಕಿಂತ ದೊಡ್ಡ ಅಳತೆಗೋಲು ಕಡಲಿನದು. ಒಂದು ಕಡೆ ಘಟ್ಟದ ಕಾಡು, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಕಿರಿದಾದ ಸಮತಟ್ಟು. ಅದರಲ್ಲೂ ಗದ್ದೆ, ಉಪ್ಪುನೀರಿನ ಗಜನಿ, ತೋಟ, ರೈಲುದಾರಿ, ಹೆದ್ದಾರಿ ಕಳೆದು ಉಳಿದದ್ದು ಮನೆಗೆ. ಅಂಥ ಕಡೆ ಜನ ಮೇಲಕ್ಕೆ ಬೆಳೆಯಲು ನೋಡುವುದು ಸಹಜ. ಮೇಲಕ್ಕೆ ಹೋಗುವ ದಾರಿಗೆ ಅಗಳಿ ಬಿದ್ದದ್ದು 1991ರ ಫೆಬ್ರವರಿ 19ರಂದು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ಕೇಂದ್ರ ಸರ್ಕಾರ ಅಂದು ಹೊರಡಿಸಿದ ಅಧಿಸೂಚನೆ, ಉಬ್ಬರದ ಗೆರೆಯಿಂದ 500 ಮೀಟರ್ ಒಳನಾಡಿನವರೆಗಿನ ಪಟ್ಟಿಯನ್ನು ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ಎಂದು ಸಾರಿತು. ಬಾಡದಂಥ ಗ್ರಾಮೀಣ ಕಡಲತಡಿ ಅದರ ಮೂರನೆಯ ವರ್ಗ. ಮೊದಲ 200 ಮೀಟರ್‌ನಲ್ಲಿ ಹೊಸ ಕಟ್ಟಡ ಇಲ್ಲ. 200ರಿಂದ 500ರ ನಡುವೆ ಮನೆ ಕಟ್ಟುವುದಾದರೆ ಊರಿನ ಪರಂಪರಾಗತ ಹಕ್ಕಿನವು ಮಾತ್ರ, ಅದೂ ನಿವೇಶನದ ಶೇ 33ಕ್ಕಿಂತ ಹೆಚ್ಚು ಮಹಡಿ ವಿಸ್ತೀರ್ಣವಿಲ್ಲದೆ, ಎರಡೇ ಅಂತಸ್ತು, ಒಟ್ಟು ಎತ್ತರ 9 ಮೀಟರ್.

2011ರ ಜನವರಿ 6ರ ಹೊಸ ಅಧಿಸೂಚನೆ ಮನೆಗಳ ಮೇಲಿನ ಶೇ 33ರ ಮಿತಿಯನ್ನು ತೆಗೆದು, ಅದನ್ನು ಸ್ಥಳೀಯ ಯೋಜನಾ ನಿಯಮಕ್ಕೆ ಬಿಟ್ಟಿತು. ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯದವರ ಮನೆಗಳಿಗೆ 100ರಿಂದ 200 ಮೀಟರ್ ನಡುವೆ ದಾರಿ ತೆರೆಯಿತು. 2019ರ ಜನವರಿ 18ರ ಅಧಿಸೂಚನೆ ಗ್ರಾಮೀಣ ಕಡಲತಡಿಯನ್ನೇ ಎರಡಾಗಿ ಸೀಳಿತು. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇದ್ದ ಕಡೆ ನಿಷೇಧದ ಪಟ್ಟಿ 50 ಮೀಟರಿಗೆ ಇಳಿಯಿತು. ಉಳಿದ ಕಡೆ 200 ಮೀಟರೇ ಉಳಿಯಿತು. ಶರಾವತಿ, ಅಘನಾಶಿನಿಯಂಥ ಉಬ್ಬರವೇರುವ ಹೊಳೆಗಳ ದಡದಲ್ಲಿ ಹಿಂದೆ ಇದ್ದ 100 ಮೀಟರ್ 50 ಆಯಿತು, ಅಥವಾ ಹೊಳೆ ಅದಕ್ಕಿಂತ ಕಿರಿದಾಗಿದ್ದರೆ ಅದರ ಅಗಲದಷ್ಟು. ಮೂರು ಅಧಿಸೂಚನೆಗಳಲ್ಲೂ ಅಲುಗಾಡದೆ ನಿಂತದ್ದು ಒಂದೇ ಅಂಕಿ: ಹಳ್ಳಿಯ ಮನೆಗೆ 9 ಮೀಟರ್, ಎರಡು ಅಂತಸ್ತು.

ಈ ಅಂಕಿಯನ್ನು ಕರಾವಳಿಯ ಮನೆಯ ಮೇಲಿಟ್ಟು ನೋಡಬೇಕು. ಮಳೆಗಾಲದ ನೀರು ಒಳಬರದಂತೆ ಅಡಿಪಾಯವನ್ನು ನೆಲದಿಂದ 60 ಸೆಂಟಿಮೀಟರ್ ಏರಿಸಿ, ಮೂರು ಮೂರು ಮೀಟರಿನ ಎರಡು ಅಂತಸ್ತು ಕಟ್ಟಿದರೆ 6.6 ಮೀಟರ್ ಆಗುತ್ತದೆ. ಎಂಟು ಮೀಟರ್ ಅಗಲದ ಮನೆಗೆ 30 ಡಿಗ್ರಿ ಇಳಿಜಾರಿನ ಹಂಚಿನ ಮಾಡು ಹಾಕಿದರೆ ಅದರ ನೆತ್ತಿ ಇನ್ನೂ 2.3 ಮೀಟರ್ ಮೇಲೇಳುತ್ತದೆ. ಒಟ್ಟು 8.9. ದೆಹಲಿಯಲ್ಲಿ ಬರೆದ ನಿಯಮವೊಂದು ಇಲ್ಲಿನ ಉಪ್ಪರಿಗೆ ಮನೆಗೆ ಇಷ್ಟು ನಿಖರವಾಗಿ ಕೂರುವುದು ಅಪರೂಪ. ಸಪಾಟು ತಾರಸಿ ಹಾಕಿದವರಿಗೆ ಎರಡು ಮೀಟರಿಗೂ ಮಿಕ್ಕಿ ಆಕಾಶ ಉಳಿದರೂ, ಮೂರನೆಯ ಅಂತಸ್ತು ಏರಿಸುವಂತಿಲ್ಲ. ಹೀಗಾಗಿ ಹಂಚಿನ ಮಾಡಿಗೆ ಈ ನಿಯಮದಲ್ಲಿ ನಷ್ಟವಿಲ್ಲ. ನೆಟ್ಟಗೆ ಬೆಳೆದ ತೆಂಗು ಇದರ ಎರಡರಷ್ಟು ಎತ್ತರಕ್ಕೆ ಹೋಗುತ್ತದೆ. ಬಾಡದ ತೀರವನ್ನು ದೋಣಿಯಿಂದ ನೋಡುವವರಿಗೆ ಮೊದಲು ಕಾಣುವುದು ತೆಂಗಿನ ತಲೆಗಳೇ ಆಗಿರುವುದಕ್ಕೆ ಊರಿನ ಅಭಿರುಚಿಯ ಜೊತೆಗೆ ಈ ಕಾನೂನೂ ಕಾರಣ.

ರೆಸಾರ್ಟುಗಳಿಗೆ ಬೇರೆಯೇ ಲೆಕ್ಕ. ಕನಿಷ್ಠ 0.4 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ ಒಂದು ಎಕರೆ ಜಾಗ ಬೇಕು. ಎಲ್ಲ ಮಹಡಿ ಸೇರಿ ಶೇ 33 ಮೀರಬಾರದು. ಮಾಡಿನ ನೆತ್ತಿ 9 ಮೀಟರ್ ದಾಟಬಾರದು. 0.4 ಹೆಕ್ಟೇರಿಗೆ ಸಿಗುವುದು 1,320 ಚದರ ಮೀಟರ್. ಹೋಟೆಲು ನಡೆಸುವವರಿಗೆ ಅಷ್ಟು ಸಾಲದು, ಹಾಗಾಗಿ ಅವರು ಪಕ್ಕದ ಹಿತ್ತಲನ್ನೂ ಕೇಳುತ್ತಾರೆ. ಆಕಾಶ ಕಡಿಮೆ ಮಾಡಿದ ನಿಯಮ ನೆಲದ ಹಸಿವನ್ನು ಹೆಚ್ಚಿಸುವುದು ಹೀಗೆ. ಊರಿನವರು ಇದ್ದ ಮನೆಯಲ್ಲೇ ಹೋಮ್‌ಸ್ಟೇ ನಡೆಸಲು 2019ರ ಅಧಿಸೂಚನೆ ಅವಕಾಶ ಕೊಟ್ಟಿದೆ. ಅಡಿಪಾಯದ ವಿಸ್ತೀರ್ಣ, ವಿನ್ಯಾಸ, ಮುಂಭಾಗ ಬದಲಾಗಬಾರದು ಎಂಬುದು ಅದರ ಷರತ್ತು.

ಈ ವಲಯದ ನಿಯಮವನ್ನು ಪಂಚಾಯಿತಿ ಪರವಾನಗಿಯಿಂದ ದಾಟಬಹುದೆಂದು ನಂಬಿದವರಿಗೆ ಕೇರಳದ ಮರಡು ಉತ್ತರ ಕೊಟ್ಟಿತು. ಕೊಚ್ಚಿಯ ಹಿನ್ನೀರಿನ ಅಂಚಿನ ಮರಡು ಪಂಚಾಯಿತಿಯಾಗಿದ್ದ ಕಾಲದಲ್ಲಿ ಪರವಾನಗಿ ಪಡೆದು ಎದ್ದ ನಾಲ್ಕು ವಸತಿ ಸಮುಚ್ಚಯಗಳನ್ನು ಕೆಡವಲು ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಅವುಗಳನ್ನು ಉರುಳಿಸಲಾಯಿತು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಕಟ್ಟಡಕ್ಕೆ ಅನುಮತಿ ಕೊಡುವುದು 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದ ಅಡಿ. ಕಡಲಿನಿಂದ ಅಳೆಯುವ ಕೇಂದ್ರದ ಗೆರೆಯನ್ನು ಆ ಅನುಮತಿ ಅಳಿಸಲಾರದು. ಮರಡುವಿನಲ್ಲಿ ಮನೆ ಕಳೆದುಕೊಂಡವರಲ್ಲಿ ಹಲವರು ಆ ಗೆರೆಯ ಹೆಸರನ್ನೇ ಕೇಳದೆ ದುಡ್ಡು ಕೊಟ್ಟು ಕೊಂಡವರು. ಆ ದೃಶ್ಯ ಕರಾವಳಿಯ ಉದ್ದಕ್ಕೂ ಇನ್ನೂ ಎಚ್ಚರಿಕೆಯಾಗಿ ನಿಲ್ಲಬೇಕು.

ಭಟ್ಕಳದಲ್ಲಿ ಕಡಲಿನ ಜೊತೆಗೆ ಇತಿಹಾಸವೂ ಅಳೆಯುತ್ತದೆ. ಕಾಳುಮೆಣಸಿನ ವ್ಯಾಪಾರದ ಕಾಲದ ಸಿರಿ ಆ ಊರಿನಲ್ಲಿ ಕಲ್ಲಿನ ಇಳಿಜಾರು ಮಾಡಿನ ಬಸದಿ, ದೇವಾಲಯಗಳಾಗಿ ಉಳಿದಿದೆ: ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿ, ಪಾರ್ಶ್ವನಾಥ ಬಸದಿ, ಖೇತಪೈ ನಾರಾಯಣ ದೇವಾಲಯ, ರಘುನಾಥ ದೇವಾಲಯ. ಇವು ಕೇಂದ್ರದ ರಕ್ಷಿತ ಸ್ಮಾರಕಗಳು. 1992ರ ಅಧಿಸೂಚನೆ ಗುರುತಿಸಿ, 2010ರ ತಿದ್ದುಪಡಿ ಬಿಗಿಗೊಳಿಸಿದ ನಿಯಮದಂತೆ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಒಂದು ಬಿಂದುವಿನ ಸುತ್ತ 100 ಮೀಟರಿನ ವೃತ್ತ ಎಳೆದರೆ ಏಳೂಮುಕ್ಕಾಲು ಎಕರೆ. ಒತ್ತೊತ್ತಾಗಿ ಮನೆಗಳಿರುವ ಪೇಟೆಯಲ್ಲಿ ಇಂಥ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ಕೊಲ್ಲಿ ದೇಶಗಳಲ್ಲಿ ದುಡಿದು ಊರಲ್ಲೊಂದು ಮನೆ ಮೇಲೆತ್ತಬೇಕೆಂದು ಬಂದ ಕುಟುಂಬಕ್ಕೆ ನಿಷೇಧಿತ ವೃತ್ತದೊಳಗೆ ಹೊಸ ಅಂತಸ್ತು ಸಿಗುವುದಿಲ್ಲ. ಹಳೆಯ ಕಟ್ಟಡದ ದುರಸ್ತಿಗೂ ಅಪ್ಪಣೆ ಬೇಕು. ಆ ಬಸದಿಗಳು ಉಳಿಯಬೇಕಾದದ್ದೇ. ಅವುಗಳ ಪಕ್ಕ ಐದು ಅಂತಸ್ತು ಎದ್ದರೆ ಕಲ್ಲಿನ ಮಾಡು ಬಾವಿಯ ತಳದಲ್ಲಿ ಇಟ್ಟಂತೆ ಕಾಣುತ್ತದೆ. ಆದರೆ ಇಡೀ ದೇಶದ ಪರವಾಗಿ ಬಸದಿಯನ್ನು ಕಾಯುವ ವೆಚ್ಚವನ್ನು ಹೊರುತ್ತಿರುವುದು ಅದರ ನೆರೆಯ ಕೆಲವೇ ಮನೆಗಳು.

ವಿದ್ಯುತ್ ತಂತಿಯ ವಿಷಯದಲ್ಲಾದರೆ ಆಕಾಶಕ್ಕೆ ಬೆಲೆ ಕಟ್ಟುವ ಪ್ರಯತ್ನ ನಡೆದಿದೆ. ಮನೆಯ ಮೇಲೆ ಹಾದುಹೋಗುವ 11 ಕಿಲೋವೋಲ್ಟ್ ತಂತಿಗೆ ನೇರದಲ್ಲಿ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಇರಬೇಕು. ಕೈಗಾದಂಥ ಉತ್ಪಾದನಾ ಕೇಂದ್ರಗಳಿರುವ ಜಿಲ್ಲೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಶಕ್ತಿಯ ಮಾರ್ಗಗಳೂ ತೋಟ-ಗದ್ದೆಗಳ ಮೇಲೆ ಹೋಗುತ್ತವೆ. 1885ರ ಟೆಲಿಗ್ರಾಫ್ ಕಾಯ್ದೆಯಿಂದ ಎರವಲು ಪಡೆದ ಅಧಿಕಾರದಲ್ಲಿ, ನೆಲವನ್ನು ವಶಪಡಿಸಿಕೊಳ್ಳದೆಯೇ ತಂತಿ ಎಳೆಯಬಹುದು. 2015ರ ಅಕ್ಟೋಬರ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ, ಗೋಪುರದ ಬುಡಕ್ಕೆ ನೆಲದ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ 15 ಪರಿಹಾರ ಸೂಚಿಸಿತು. ಮೊತ್ತ ಸಣ್ಣದಾದರೂ ತತ್ವ ದೊಡ್ಡದು. ನೆಲ ಒಡೆಯನ ಬಳಿಯೇ ಉಳಿದಿದೆ, ಹೋದದ್ದು ಅದರ ಮೇಲಿನ ಆಕಾಶ, ಮತ್ತು ಹೋದದ್ದಕ್ಕೆ ಬೆಲೆಯಿದೆ ಎಂದು ಸರ್ಕಾರವೇ ಒಪ್ಪಿಕೊಂಡಿತು.

ಇದೇ ತತ್ವದ ನಗರರೂಪ ಟಿಡಿಆರ್, ಅಂದರೆ ಅಭಿವೃದ್ಧಿ ಹಕ್ಕಿನ ವರ್ಗಾವಣೆ. ಅದರ ಪ್ರಸಿದ್ಧ ಪ್ರಕರಣ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ್ದು. ನಿಲ್ದಾಣದ ನೆತ್ತಿಯ ಮೇಲೆ ಕಚೇರಿ ಗೋಪುರ ಕಟ್ಟಲು ಹೊರಟ ಪೆನ್ ಸೆಂಟ್ರಲ್ ಕಂಪನಿಗೆ ನಗರದ ಸ್ಮಾರಕ ಆಯೋಗ ಅನುಮತಿ ನಿರಾಕರಿಸಿತು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಗರದ ಪರ ನಿಂತಿತು. ಬಳಸಲಾಗದ ಎತ್ತರವನ್ನು ಹತ್ತಿರದ ಬೇರೆ ನಿವೇಶನಗಳಿಗೆ ದಾಟಿಸುವ ಅವಕಾಶ ಕಂಪನಿಗೆ ಇತ್ತು ಎಂಬುದು ಆ ತೀರ್ಪಿಗೆ ಒಂದು ಆಧಾರವಾಯಿತು. ನಿಲ್ದಾಣ ಉಳಿಯಿತು, ಅದರ ಆಕಾಶ ಬೀದಿಯಾಚೆ ಮಾರಾಟಕ್ಕೆ ಹೋಯಿತು.

ಕರ್ನಾಟಕದಲ್ಲಿ ಟಿಡಿಆರ್ ಬಂದದ್ದು 1961ರ ಅಧಿನಿಯಮದ 14-ಬಿ ಪ್ರಕರಣವಾಗಿ, ಮುಖ್ಯವಾಗಿ ರಸ್ತೆ ಅಗಲೀಕರಣಕ್ಕೆ. ನೆಲ ಬಿಟ್ಟುಕೊಟ್ಟವರಿಗೆ ನಗದಿನ ಬದಲು ಅಭಿವೃದ್ಧಿ ಹಕ್ಕಿನ ಪತ್ರ ಸಿಗುತ್ತದೆ. ಪತ್ರ ಹಿಡಿದವರು ತಮ್ಮ ಉಳಿದ ನೆಲದಲ್ಲಿ ಹೆಚ್ಚುವರಿ ಮಹಡಿ ಕಟ್ಟಬಹುದು, ಇಲ್ಲವೇ ಬಿಲ್ಡರಿಗೆ ಮಾರಬಹುದು. ಬೆಂಗಳೂರು ಅರಮನೆ ಮೈದಾನದ ಸುಮಾರು 15 ಎಕರೆಗೆ ಟಿಡಿಆರ್ ಕೊಡಬೇಕಾಗಿ ಬಂದಾಗ ಅದರ ಮೌಲ್ಯ 3,000 ಕೋಟಿ ರೂಪಾಯಿ ದಾಟಿತು. ಆ ಹೊರೆಯಿಂದ ಪಾರಾಗಲು ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೊರೆಹೋಯಿತು. ಬೆಂಗಳೂರಿನಲ್ಲಿ ಆಕಾಶ ಅಷ್ಟು ಗಟ್ಟಿ ಆಸ್ತಿ.

ಬಾಡದ ಮೀನುಗಾರನ 200 ಮೀಟರಿನೊಳಗಿನ ಹಿತ್ತಲಿಗೆ ಅಂಥ ಪತ್ರವಿಲ್ಲ. ಪತ್ರ ಕೊಟ್ಟರೂ ಕೊಳ್ಳುವವರು ಬೇಕು. ಟಿಡಿಆರ್ ನಡೆಯಬೇಕಾದರೆ ಒಂದು ಕಡೆ ಕಟ್ಟಲಾಗದ ನೆಲ, ಇನ್ನೊಂದು ಕಡೆ ಅನುಮತಿಸಿದ್ದಕ್ಕಿಂತ ಹೆಚ್ಚು ಕಟ್ಟಲು ಕಾತರಿಸುವ ಬಿಲ್ಡರು, ನಡುವೆ ಆ ಭಾರ ತಡೆಯುವ ರಸ್ತೆ-ನೀರು-ಚರಂಡಿ ಇರಬೇಕು. ಹೊನ್ನಾವರ, ಕುಮಟಾಗಳಲ್ಲಿ ಕಾತರ ಈಗೀಗ ಕಾಣುತ್ತಿದೆ, ಚರಂಡಿ ಅದಕ್ಕೆ ತಕ್ಕಷ್ಟಿಲ್ಲ. ಹಾಗೆಂದು ವಿಷಯವನ್ನು ಕೈಬಿಡುವುದು ಸರಿಯಲ್ಲ. ಒಳನಾಡಿನ ಕಡೆ ಬೆಳೆಯುತ್ತಿರುವ ಪೇಟೆಯ ಅಂಚಿನಲ್ಲಿ ಹೆಚ್ಚುವರಿ ಎಫ್‌ಎಆರ್ ಕೊಡುವುದಾದರೆ, ಅದನ್ನು ಸರ್ಕಾರ ಶುಲ್ಕಕ್ಕೆ ಮಾರುವ ಮೊದಲು ತೀರದ ನಿಷೇಧಿತ ಪಟ್ಟಿಯವರ ಮತ್ತು ಭಟ್ಕಳದ ಸ್ಮಾರಕಗಳ ನೆರೆಯವರ ಹಕ್ಕಾಗಿ ಲೆಕ್ಕ ಹಾಕುವುದು ನ್ಯಾಯ. ತಂತಿಯ ಕೆಳಗಿನ ಪಟ್ಟಿಗೆ ಒಪ್ಪಿದ ತತ್ವ ಕಡಲ ಪಕ್ಕದ ಪಟ್ಟಿಗೂ ಸಲ್ಲಬೇಕು.

ಅಲ್ಲಿಯವರೆಗೆ ಈ ಊರುಗಳಲ್ಲಿ ಮನೆ ಕಟ್ಟುವವರ ಆಕಾಶ ನಿಂತಿರುವುದು ಒಂದು ನಕ್ಷೆಯ ಮೇಲೆ. ಕರಾವಳಿ ವಲಯ ನಿರ್ವಹಣಾ ಯೋಜನೆಯ ಮುಖ್ಯ ನಕ್ಷೆ 1:25,000 ಪ್ರಮಾಣದ್ದು. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 25 ಮೀಟರ್. ಪೆನ್ಸಿಲಿನ ಗೆರೆಯ ದಪ್ಪದೊಳಗೆ ಒಂದು ಮನೆ, ಅದರ ಅಂಗಳ, ಬಾವಿ ಎಲ್ಲ ಅಡಗುತ್ತವೆ. ಸ್ಥಳೀಯ ಸಂಸ್ಥೆಗಳ ಬಳಕೆಗೆ ಸುಮಾರು 1:4,000 ಪ್ರಮಾಣದ ನಕ್ಷೆ ಬೇಕೆಂದು 2019ರ ಅಧಿಸೂಚನೆ ಹೇಳುತ್ತದೆ. ಅದರಲ್ಲಿ ಒಂದು ಮಿಲಿಮೀಟರ್ ಸುಮಾರು ನಾಲ್ಕು ಮೀಟರ್. ಸರ್ವೆ ನಂಬರು, ಹಿಸ್ಸಾ ಸಮೇತ ಆ ದೊಡ್ಡ ನಕ್ಷೆ ಪಂಚಾಯಿತಿಯ ಗೋಡೆಗೆ ತೂಗಿದ್ದರೆ, ಐದು ಗುಂಟೆಯವರು ಅಡಿಪಾಯಕ್ಕೆ ಗುದ್ದಲಿ ಹಾಕುವ ಮೊದಲೇ ಕಡಲ ಗೆರೆ ತಮ್ಮ ಹಿತ್ತಲಿನ ಯಾವ ತೆಂಗಿನ ಬುಡದಲ್ಲಿ ಹಾದುಹೋಗುತ್ತದೆ ಎಂಬುದನ್ನು ನೋಡಿಕೊಳ್ಳಬಹುದು.